ರಜೆಗೆ ನೆಂಟರು ಬಂದರು, ಎಲ್ಲಿಗೆ ಹೋಗೋಣ?



ಬೇಸಿಗೆ ರಜೆ ಬಂದರೆ ನಮ್ಮ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳಿಗೆ ನೆಂಟರು ಬರುತ್ತಾರೆ. ಬೆಂಗಳೂರಿನಿಂದ ನಾದಿನಿ ಬರುತ್ತಾಳೆ. ಹೊಸಕೋಟೆಯಿಂದ ತಂಗಿ ಬರುತ್ತಾಳೆ. ಮಕ್ಕಳು ಮರಿ ಸೇರಿ ಮನೆ ತುಂಬುತ್ತದೆ. ಎರಡು ದಿನ ಎಲ್ಲರೂ ಕೆರೆ ಏರಿ ಮೇಲೆ ಓಡಾಡುತ್ತಾರೆ. ಮಾವಿನ ತೋಪಿನಲ್ಲಿ ಆಡುತ್ತಾರೆ. ಮೂರನೇ ದಿನ ಮಕ್ಕಳು ಕೇಳುತ್ತಾರೆ: "ದೊಡ್ಡಮ್ಮ, ಇಲ್ಲಿ ನೋಡೋಕೆ ಏನಿದೆ?"

"ಏನಿದೆ? ಹೊಲ ಇದೆ, ಕೆರೆ ಇದೆ. ಇನ್ನೇನೂ ಇಲ್ಲ" ಅಂದುಬಿಡುತ್ತೇವೆ.

ಹಾಗೇನಿಲ್ಲ. ಸುತ್ತ ನೋಡಿದರೆ ಬೇಕಾದಷ್ಟಿದೆ. ಸಾವಿರ ವರ್ಷಕ್ಕೂ ಹಳೆಯ ದೇವಸ್ಥಾನ ಇದೆ. ಕೋಟೆ ಇದೆ. ನಾಲ್ಕೈದು ಹೊಳೆಗಳು ಹುಟ್ಟುವ ಬೆಟ್ಟಸಾಲು ಇದೆ. ದೂರದೂರದ ಜನ ಕಾರು ಮಾಡಿಕೊಂಡು ಬಂದು ನೋಡಿ ಹೋಗುತ್ತಾರೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ನಾನು ಕೇಳಿದೆ: "ನಂದಿಬೆಟ್ಟ ಯಾರು ನೋಡಿದ್ದೀರಿ?" ಎಲ್ಲರೂ ಕೈ ಎತ್ತಿದರು. "ದಿನಾ ಬೆಳಿಗ್ಗೆ ಹಟ್ಟಿ ಬಾಗಿಲಿಂದ ಕಾಣ್ತದೆ ಟೀಚರ್" ಅಂದರು. "ಹತ್ತಿದವರು ಯಾರು?" ಅಂತ ಕೇಳಿದೆ. ಕೈಗಳು ಇಳಿದವು. ಅಜ್ಜಿಯೊಬ್ಬರು ನಗುತ್ತಾ ಹೇಳಿದರು: "ಮನೆಯವರು ಹೋಗಿದ್ರು, ಮಕ್ಕಳು ಹೋಗಿದ್ರು. ನಾನು ಬುತ್ತಿ ಕಟ್ಟಿ ಕೊಟ್ಟೆ."

ಇದು ಒಂದು ಮನೆಯ ಮಾತಲ್ಲ. ನೆಂಟರು ಬಂದಾಗ ನಮಗೆ ಕೆಲಸ ಹೆಚ್ಚು. ಬಂದವರು ತಿರುಗಾಡಲು ಹೊರಟರೆ "ನೀವು ಹೋಗಿ ಬನ್ನಿ, ನಾನು ಅಡಿಗೆ ಮಾಡಿಟ್ಟಿರ್ತೀನಿ" ಅನ್ನುತ್ತೇವೆ. ದುಡ್ಡು ಯಾಕೆ ದಂಡ ಅನ್ನುತ್ತೇವೆ. ದಾರಿ ಗೊತ್ತಿಲ್ಲ, ಬಸ್ಸಿನ ಬೋರ್ಡು ಓದಲು ಬರುವುದಿಲ್ಲ ಅನ್ನುತ್ತಿದ್ದೆವು. ಈಗ ಓದಲು ಬರುತ್ತದೆ. ಬಸ್ಸಿಗೆ ದುಡ್ಡೂ ಇಲ್ಲ. ಹಾಗಾದರೆ ಈ ಸಲ ನೆಂಟರ ಜೊತೆ ನಾವೂ ಹೊರಡೋಣ. ಎಲ್ಲಿಗೆ, ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ಮೊದಲು ನಮ್ಮ ಕೆರೆ

ಪಟ್ಟಣದ ಮಕ್ಕಳಿಗೆ ಕೆರೆ ಅಂದರೆ ಬರೀ ನೀರು. ನಾವು ಕೆರೆಯನ್ನು ತೋರಿಸಿ ಹೇಳಬೇಕು.

ನಮ್ಮ ದೇವನಹಳ್ಳಿ ಸೀಮೆಯಲ್ಲಿ ವರ್ಷವೆಲ್ಲಾ ಹರಿಯುವ ಹೊಳೆ ಇಲ್ಲ. ಮಳೆ ಬಂದಾಗ ಬಂದ ನೀರು ಓಡಿ ಹೋಗಬಾರದು. ಅದಕ್ಕೇ ಹಿರಿಯರು ತಗ್ಗಿನಲ್ಲಿ ಅಡ್ಡವಾಗಿ ಮಣ್ಣಿನ ಏರಿ ಹಾಕಿದರು. ಏರಿಗೆ ಒಳಗಡೆ ಕಲ್ಲು ಕಟ್ಟಿದರು. ಅಲೆ ಬಡಿದು ಮಣ್ಣು ಕೊಚ್ಚಬಾರದು ಅಂತ. ಏರಿಯ ಬುಡದಲ್ಲಿ ತೂಬು ಇಟ್ಟರು. ತೂಬು ಎತ್ತಿದರೆ ನೀರು ಕಾಲುವೆಗೆ ಹೋಗುತ್ತದೆ. ಕಾಲುವೆಯಿಂದ ಗದ್ದೆಗೆ ಹೋಗುತ್ತದೆ. ಆ ಗದ್ದೆ ಬಯಲೇ ಅಚ್ಚುಕಟ್ಟು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಕಾಳು ಕೊಡುತ್ತಿದ್ದರು.

ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೋಗಲು ಒಂದು ಪಕ್ಕದಲ್ಲಿ ಕೋಡಿ. ಕೋಡಿ ಹರಿದ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಒಂದು ದಾರದಲ್ಲಿ ಪೋಣಿಸಿದ ಮಣಿಯ ಹಾಗೆ ಕೆರೆಗಳು ಇವೆ. ಮೇಲಿನ ಕೆರೆಯ ಕಾಲುವೆ ಯಾರಾದರೂ ಮುಚ್ಚಿದರೆ ಕೆಳಗಿನ ಊರಿನ ಬಾವಿ ಒಣಗುತ್ತದೆ. ಇದನ್ನು ಮಕ್ಕಳಿಗೆ ಏರಿ ಮೇಲೆ ನಿಲ್ಲಿಸಿ ತೋರಿಸಿದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಪುಸ್ತಕದಲ್ಲಿ ಓದಿದರೆ ಆಗುವುದಿಲ್ಲ.

ಕೆರೆ ಕೋಡಿ ಬಿದ್ದರೆ ನಾವು ಬಾಗಿನ ಬಿಡುತ್ತೇವೆ. ಗಂಗಮ್ಮನ ಪೂಜೆ ಮಾಡುತ್ತೇವೆ. ಆದರೆ ಎಷ್ಟೋ ವರ್ಷ ಕೋಡಿ ಬೀಳಲೇ ಇಲ್ಲ. ಮಳೆ ಕಡಿಮೆಯಾಯಿತು. ಕೊಳವೆ ಬಾವಿ ಸಾವಿರ ಅಡಿ ದಾಟಿತು. ಕೆರೆ ಅಂಗಳದಲ್ಲಿ ಜಾಲಿ ಬೆಳೆಯಿತು.

ಈಗ ಕೆಲವು ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ಕಾಣುತ್ತದೆ. ಅದು ಮಳೆ ನೀರಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಅಂತ ಇದೆ. ಬೆಂಗಳೂರಿನ ಮನೆಗಳ ಬಳಸಿದ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಪಂಪಿನಿಂದ ಎತ್ತಿ, ದೊಡ್ಡ ಕೊಳವೆಯಲ್ಲಿ ನಮ್ಮ ಕಡೆಯ ಮತ್ತು ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಬಿಡುತ್ತಾರೆ. ನೆಲದೊಳಗೆ ನೀರು ಇಂಗಲಿ, ಕೊಳವೆ ಬಾವಿಗೆ ಜೀವ ಬರಲಿ ಅಂತ ಈ ಏರ್ಪಾಡು. ಈ ನೀರು ಕುಡಿಯಲು ಅಲ್ಲ. ನೋಡಲು ತಿಳಿಯಾಗಿ ಕಂಡರೂ ಕುಡಿಯಬಾರದು. ಮಕ್ಕಳ ಮುಖ ತೊಳೆಸಬಾರದು. ಪಾತ್ರೆ ತೊಳೆಯಬಾರದು. ನೆಂಟರಿಗೆ ಇದು ಗೊತ್ತಿರುವುದಿಲ್ಲ. ನಾವೇ ಹೇಳಬೇಕು. ನಿಮ್ಮ ಊರಿನ ಕೆರೆಗೆ ಯಾವ ನೀರು ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಕೇಳುವುದು ನಮ್ಮ ಹಕ್ಕು.

ನೀರು ಇದ್ದ ಕಡೆ ಹಕ್ಕಿ ಇರುತ್ತದೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಇವೆಲ್ಲ ನಮಗೆ ಗೊತ್ತಿರುವ ಹಕ್ಕಿಗಳೇ. ಬೆಳಿಗ್ಗೆ ಏಳು ಗಂಟೆ ಒಳಗೆ ಹೋದರೆ ಚೆನ್ನಾಗಿ ಕಾಣುತ್ತವೆ. ಗಲಾಟೆ ಮಾಡದೆ ಕೂರಬೇಕು, ಅಷ್ಟೇ. ತಲೆ ಮೇಲೆ ವಿಮಾನಗಳೂ ಹೋಗುತ್ತವೆ. 2008ರ ಮೇ 24ರಂದು ನಮ್ಮ ತಾಲ್ಲೂಕಿನಲ್ಲಿ ವಿಮಾನ ನಿಲ್ದಾಣ ಶುರುವಾಯಿತಲ್ಲ. ಮಕ್ಕಳು ಹಕ್ಕಿ ಬಿಟ್ಟು ಅದನ್ನೇ ಎಣಿಸುತ್ತಾರೆ. ಎಣಿಸಲಿ ಬಿಡಿ.

"ಇಲ್ಲಿ ಇನ್ನೂ ಹೊಲ ಉಳಿದಿದೆಯಲ್ಲ, ಹೇಗೆ?" ಅಂತ ಬೆಂಗಳೂರಿನವರು ಕೇಳುತ್ತಾರೆ. ಅದಕ್ಕೂ ಉತ್ತರ ಇದೆ. ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆ ತೆಗೆದುಕೊಳ್ಳುವುದು ಅಂತ ಆಗಿತ್ತು. ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷ ದಾಟಿತು. ಹೆಂಗಸರು ಬೆಳಿಗ್ಗೆ ಹಸು ಕರೆದು, ಹಾಲು ಡೈರಿಗೆ ಹಾಕಿ, ಧರಣಿಗೆ ಬಂದು ಕೂರುತ್ತಿದ್ದರು. 2025ರ ಜುಲೈ 15ರಂದು ಈ ಭೂಸ್ವಾಧೀನ ಕೈಬಿಡುತ್ತೇವೆ ಎಂದು ಮುಖ್ಯಮಂತ್ರಿಗಳು ಹೇಳಿದರು. ಏರಿ ಮೇಲೆ ನಿಂತು ಆ ಹಸಿರು ತೋರಿಸುವಾಗ ಇದನ್ನೂ ಹೇಳಬಹುದು.

ನೀರಿನ ಹತ್ತಿರ ಎಚ್ಚರ

ಇದನ್ನು ಎರಡು ಸಲ ಓದಿ. ಓದಿ ಮನೆಯವರಿಗೂ ಹೇಳಿ.

ರಜೆಯಲ್ಲಿ ಕೆರೆಗೆ ಬಿದ್ದು ಮಕ್ಕಳು ಸಾಯುವ ಸುದ್ದಿ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದೆ. ಊರಿನ ಮಕ್ಕಳಿಗಿಂತ ಬಂದ ಮಕ್ಕಳಿಗೆ ಅಪಾಯ ಹೆಚ್ಚು. ಅವರಿಗೆ ಈಜು ಬರುವುದಿಲ್ಲ. ಎಲ್ಲಿ ಆಳ, ಎಲ್ಲಿ ಕೆಸರು ಅಂತ ಗೊತ್ತಿಲ್ಲ.

ಕೆರೆಯ ತಳ ಮೊದಲಿನ ಹಾಗೆ ಸಮ ಇಲ್ಲ. ಹೂಳು ಎತ್ತಲು, ಮಣ್ಣು ತೆಗೆಯಲು ಯಂತ್ರ ಬಂದು ಅಲ್ಲಲ್ಲಿ ದೊಡ್ಡ ಗುಂಡಿ ಆಗಿರುತ್ತದೆ. ನೀರು ತುಂಬಿದ ಮೇಲೆ ಗುಂಡಿ ಕಾಣುವುದಿಲ್ಲ. ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಎರಡಾಳು ನೀರಿನಲ್ಲಿ ಇರುತ್ತದೆ. ಕೃಷಿ ಹೊಂಡ ಇನ್ನೂ ಅಪಾಯ. ಅದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಕಾಲು ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ.

"ಆಳವಿದೆ, ನೀರಿಗೆ ಇಳಿಯಬೇಡಿ" ಅಂತ ಬೋರ್ಡು ಇದ್ದರೆ ನೀವೇ ಮಕ್ಕಳಿಗೆ ಓದಿ ಹೇಳಿ. ಬೋರ್ಡು ಇಲ್ಲದಿದ್ದರೆ ಅಪಾಯ ಇಲ್ಲ ಅಂತ ಅಲ್ಲ.

ಯಾರಾದರೂ ಮುಳುಗುತ್ತಿದ್ದರೆ ಏನು ಮಾಡಬೇಕು? ಈಜು ಬರದವರು ನೀರಿಗೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಮನೆಗಳಿವೆ. ಮುಳುಗುವವರು ಸಿಕ್ಕಿದ್ದನ್ನು ಗಟ್ಟಿಯಾಗಿ ತಬ್ಬುತ್ತಾರೆ, ಇಬ್ಬರೂ ಕೆಳಗೆ ಹೋಗುತ್ತಾರೆ. ದಡದಲ್ಲೇ ಇದ್ದು ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಹಗ್ಗ, ಉದ್ದನೆಯ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನು ಆಗಬಹುದು. ಏನೂ ಇಲ್ಲವೇ? ನಮ್ಮ ಮೈಮೇಲೆ ಐದೂವರೆ ಮೀಟರ್ ಸೀರೆ ಇದೆ. ನಾಚಿಕೆ ಪಡುವ ಹೊತ್ತು ಅದಲ್ಲ. ಸೀರೆ ಬಿಚ್ಚಿ ಒಂದು ತುದಿ ಎಸೆಯಿರಿ. ನೀವು ನೆಲದ ಮೇಲೆ ಬೋರಲು ಮಲಗಿ ಎಳೆಯಿರಿ. ನಿಂತು ಎಳೆದರೆ ನೀವೇ ಒಳಗೆ ಹೋಗುತ್ತೀರಿ. ಹಿಂದಿನಿಂದ ಇನ್ನೊಬ್ಬರು ನಿಮ್ಮ ಕಾಲು ಹಿಡಿಯಲಿ.

ಮೇಲೆ ಎತ್ತಿದ ಮೇಲೆ ಮಗುವನ್ನು ತಲೆಕೆಳಗೆ ಮಾಡಿ ತಿರುಗಿಸಬೇಡಿ. ಹೊಟ್ಟೆ ಒತ್ತಬೇಡಿ. ಇದು ಹಳೆಯ ಅಭ್ಯಾಸ, ಇದರಿಂದ ಹೊತ್ತು ಹಾಳು. ಉಸಿರು ಇದೆಯೇ ನೋಡಿ. ಇಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿ ಇಟ್ಟು ಉಸಿರು ಊದಬೇಕು, ಎದೆಯ ನಡುವೆ ಒತ್ತಬೇಕು. ಇದನ್ನು ಹೇಗೆ ಮಾಡುವುದು ಅಂತ ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಕೇಳಿ ಕಲಿಯಿರಿ. ನಮ್ಮ ಸಂಘದ ಒಂದು ಸಭೆಗೆ ಅವರನ್ನು ಕರೆದರೆ ತೋರಿಸುತ್ತಾರೆ. ಒಬ್ಬರು ಇದನ್ನು ಮಾಡುವಾಗ ಇನ್ನೊಬ್ಬರು ಫೋನ್ ಮಾಡಬೇಕು. ಆಂಬುಲೆನ್ಸಿಗೆ 108. ಯಾವ ತುರ್ತಿಗೂ 112. ಈ ಎರಡು ನಂಬರು ಈಗಲೇ ಮೂರು ಸಲ ಬರೆಯಿರಿ.

ಹೆದರಿಸಲು ಹೇಳಿದ್ದಲ್ಲ. ಕೆರೆ ನೋಡಲು ಹೋಗಬೇಡಿ ಅಂತಲೂ ಅಲ್ಲ. ಏರಿ ಮೇಲಿಂದ ನೋಡಿ.

ದೇವನಹಳ್ಳಿ ಕೋಟೆ

ಅರ್ಧ ದಿನ ಸಾಕು ಅನ್ನುವವರಿಗೆ ದೇವನಹಳ್ಳಿ ಒಳ್ಳೆಯದು. ಸಂತೆಗೆ, ತಾಲ್ಲೂಕು ಕಚೇರಿಗೆ ನಾವು ಹೋಗುವ ಊರೇ. ಆದರೆ ಕೆಲಸ ಮುಗಿಸಿ ಬಸ್ಸು ಹತ್ತುತ್ತೇವೆ. ಕೋಟೆ ಬಾಗಿಲ ಒಳಗೆ ಹೋಗುವುದಿಲ್ಲ.

ಈ ಕೋಟೆಯ ಕಥೆ ಆವತಿಯಿಂದ ಶುರುವಾಗುತ್ತದೆ. ಆವತಿ ನಮ್ಮ ತಾಲ್ಲೂಕಿನದೇ ಊರು. ಕಂಚಿಯ ಕಡೆಯಿಂದ ಏಳು ಜನ ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಬಂದು ಇಲ್ಲಿ ನೆಲೆ ನಿಂತರು ಎಂದು ಕಥೆ. ಯಾಕೆ ಊರು ಬಿಟ್ಟರು? ಅವರ ಮನೆಯ ಹೆಣ್ಣುಮಗಳು ದೊಡ್ಡಮ್ಮ. ಅವಳನ್ನು ಅಲ್ಲಿನ ದೊರೆ ಬಲವಂತದಿಂದ ಮದುವೆಗೆ ಕೇಳಿದನಂತೆ. ಹೆಣ್ಣು ಕೊಡಲು ಮನಸ್ಸಿಲ್ಲ. ರಾತ್ರೋರಾತ್ರಿ ಹೊರಟರು. ದಾರಿಯಲ್ಲಿ ಪಾಲಾರ್ ಹೊಳೆ ತುಂಬಿ ಹರಿಯುತ್ತಿತ್ತು. ಹಿಂದೆ ದಂಡು. ಮುಂದೆ ನೀರು. ಹೊಳೆ ದಾರಿ ಬಿಟ್ಟಿತು ಎಂದು ಹೇಳುತ್ತಾರೆ. ನಿಜವೋ ಕಥೆಯೋ, ಒಬ್ಬ ಹೆಣ್ಣುಮಗಳ ಮಾನಕ್ಕಾಗಿ ಏಳು ಮನೆ ಊರು ಬಿಟ್ಟಿತು ಅನ್ನುವ ಮಾತು ನನಗೆ ಇಷ್ಟ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಮೂಲವೂ ಈ ಆವತಿಯೇ ಎನ್ನುತ್ತಾರೆ.

ಆ ವಂಶದ ಮಲ್ಲಬೈರೇಗೌಡರು 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿದರು. ಊರಿಗೆ ಮೊದಲು ದೇವನದೊಡ್ಡಿ ಎಂದು ಹೆಸರಿತ್ತು. ಆಮೇಲೆ ಕೋಟೆ ಮೈಸೂರಿನ ಕೈಗೆ ಬಂತು. ಹೈದರಾಲಿ, ಟಿಪ್ಪು ಕಾಲದಲ್ಲಿ ಕಲ್ಲಿನ ಕೋಟೆ ಆಯಿತು. 1791ರಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್ ಇದನ್ನು ಹಿಡಿದ. ಟಿಪ್ಪು ಸುಲ್ತಾನ್ ಹುಟ್ಟಿದ್ದು ದೇವನಹಳ್ಳಿಯಲ್ಲೇ. ಕೋಟೆಯ ಹತ್ತಿರ ಆ ಜಾಗದಲ್ಲಿ ಕಲ್ಲಿನ ಕಂಬಗಳ ಸಣ್ಣ ಗುಡಿಯಂಥ ಕಟ್ಟಡ ಇದೆ. ಕಲ್ಲಿನ ಮೇಲೆ ಬರಹ ಇದೆ.

ಕೋಟೆಯ ಒಳಗೆ ಮನೆಗಳಿವೆ, ಜನ ಇದ್ದಾರೆ. ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ. ಅದರ ಹೊರಗೋಡೆ ನಿಧಾನವಾಗಿ ಸುತ್ತಿ. ರಾಮಾಯಣದ ಕಥೆ, ಕೃಷ್ಣನ ಬಾಲಲೀಲೆ ಕಲ್ಲಿನಲ್ಲಿ ಇದೆ. ಅಕ್ಷರ ಇಲ್ಲದ ಪುಸ್ತಕ ಅದು. ಓದು ಬರದ ಕಾಲದಲ್ಲೂ ನಮ್ಮ ಅಜ್ಜಿಯರು ಅದನ್ನು ಓದುತ್ತಿದ್ದರು. ಮಕ್ಕಳಿಗೆ "ಇದು ಯಾರು ಹೇಳು?" ಅಂತ ಕೇಳುತ್ತಾ ಹೋಗಿ.

ಹಿಂದೆ ಬರುವಾಗ ಚಕ್ಕೋತ ಹಣ್ಣು ಸಿಕ್ಕರೆ ತನ್ನಿ. ದೇವನಹಳ್ಳಿ ಚಕ್ಕೋತಕ್ಕೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಎಂದರೆ, ಈ ಹೆಸರು ಈ ಸೀಮೆಯ ಹಣ್ಣಿಗೆ ಮಾತ್ರ. ಬೆಂಗಳೂರು ನೀಲಿ ದ್ರಾಕ್ಷಿಗೂ ಹೀಗೇ ಗುರುತು ಇದೆ. ನಾವು ಬೆಳೆದ ಹಣ್ಣಿನ ಹೆಸರು ನಮಗೆ ಗೊತ್ತಿರಲಿ. ಕೊಳ್ಳುವವರ ಮುಂದೆ ಬೆಲೆ ಹೇಳಲು ಧೈರ್ಯ ಬರುತ್ತದೆ.

ನಂದಿ ಗ್ರಾಮ

ಬೆಟ್ಟಕ್ಕೆ ಹೋಗುವವರು ಬಹಳ ಜನ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಇಳಿಯುವವರು ಕಡಿಮೆ. ನನ್ನನ್ನು ಕೇಳಿದರೆ ಮೊದಲು ಇಲ್ಲಿಗೇ ಹೋಗಬೇಕು.

ಇಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಸುಮಾರು 806ನೇ ಇಸವಿಯ ಶಾಸನ ಈ ಗುಡಿಯ ಮಾತು ಹೇಳುತ್ತದೆ. ಲೆಕ್ಕ ಹಾಕಿ ನೋಡಿ. 2026ರಲ್ಲಿ 806 ಕಳೆದರೆ 1,220. ಹನ್ನೆರಡು ನೂರು ವರ್ಷ! ಬಾಣ ವಂಶದ ರಾಣಿ ರತ್ನಾವಳಿ ಈ ಗುಡಿ ಕಟ್ಟಿಸಿದಳು ಎಂದು ಹೇಳುತ್ತಾರೆ. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದೊಂದು ಸೇರಿಸಿದರು. ನಮ್ಮ ಮನೆ ಹಾಗೆಯೇ. ಅಜ್ಜ ಪಡಸಾಲೆ ಕಟ್ಟಿದ, ಅಪ್ಪ ಕೊಟ್ಟಿಗೆ ಕಟ್ಟಿದ, ಮಗ ಮೇಲೆ ತಾರಸಿ ಹಾಕಿದ.

ಒಳಗೆ ಎರಡು ದೊಡ್ಡ ಗುಡಿ. ಒಂದು ಅರುಣಾಚಲೇಶ್ವರ. ಇದು ಶಿವನ ಬಾಲ್ಯ. ಇನ್ನೊಂದು ಭೋಗನಂದೀಶ್ವರ. ಇದು ಯೌವನ, ಸಂಸಾರ. ಬೆಟ್ಟದ ಮೇಲೆ ಇರುವುದು ಯೋಗನಂದೀಶ್ವರ. ಅಲ್ಲಿ ಎಲ್ಲ ಬಿಟ್ಟ ಸನ್ಯಾಸಿ ಶಿವ. ಎರಡು ಗುಡಿಗಳ ನಡುವೆ ಉಮಾಮಹೇಶ್ವರ, ಅದರ ಮುಂದೆ ಕಲ್ಯಾಣ ಮಂಟಪ. ಮದುವೆಯಾದ ಹೊಸ ಜೋಡಿ ಇಲ್ಲಿ ಬಂದು ಕೈಮುಗಿಯುತ್ತಾರೆ. ಮಂಟಪದ ಕರಿಕಲ್ಲಿನ ಕಂಬ ನೋಡಿ. ಬಳ್ಳಿ, ಹಕ್ಕಿ, ದೇವರು, ಒಂದೊಂದೂ ಸೂಜಿಯಲ್ಲಿ ಕಸೂತಿ ಹಾಕಿದ ಹಾಗೆ ಇದೆ. ಹೊಲಿಗೆ ಬಲ್ಲ ಅಕ್ಕಂದಿರು ಒಂದು ಚೀಟಿಯಲ್ಲಿ ಆ ಬಳ್ಳಿ ಬರೆದುಕೊಳ್ಳಿ. ಸೆರಗಿಗೆ ಚೆನ್ನಾಗಿರುತ್ತದೆ.

ಅಲ್ಲಿಂದ ಮುಂದೆ ಹೋದರೆ ಶೃಂಗಿ ತೀರ್ಥ ಅಂತ ದೊಡ್ಡ ಕಲ್ಯಾಣಿ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಸುತ್ತ ಮಂಟಪ. ಮಧ್ಯಾಹ್ನದ ಬಿಸಿಲಿಗೆ ಆ ಮಂಟಪದ ನೆರಳಿನಲ್ಲಿ ಕೂತರೆ ಏಳಲು ಮನಸ್ಸು ಬರುವುದಿಲ್ಲ. ಕೆಳಗಿನ ಮೆಟ್ಟಿಲು ಜಾರುತ್ತದೆ, ಮಕ್ಕಳನ್ನು ಬಿಡಬೇಡಿ. ಶಿವರಾತ್ರಿಗೆ ಇಲ್ಲಿ ತೇರು, ಜಾತ್ರೆ. ಆಗ ಜನ ಬಹಳ. ಸುಮ್ಮನೆ ನೋಡಬೇಕು ಅನ್ನುವವರು ಬೇರೆ ದಿನ ಹೋಗುವುದು ಒಳ್ಳೆಯದು.

ನಂದಿಬೆಟ್ಟ

ಬೆಟ್ಟ 1,478 ಮೀಟರ್ ಎತ್ತರ. ಮೇಲೆ ತನಕ ರಸ್ತೆ ಇದೆ. ಬುಡದಿಂದ ಹತ್ತುವ ಹಳೆಯ ಮೆಟ್ಟಿಲ ದಾರಿಯೂ ಇದೆ. ಹೊಲದಲ್ಲಿ ದುಡಿದ ಕಾಲಿಗೆ ಮೆಟ್ಟಿಲು ಏನೂ ಅಲ್ಲ. ಪಟ್ಟಣದ ನೆಂಟರಿಗೆ ಮಾತ್ರ ಕಷ್ಟ.

ಬೆಳಗಿನ ಹೊತ್ತು ಮೋಡ ಕಾಲ ಕೆಳಗೆ ಇರುತ್ತದೆ. ಚಳಿ ಇರುತ್ತದೆ. ಮಕ್ಕಳಿಗೆ ಸ್ವೆಟರ್, ನಮಗೆ ಒಂದು ಶಾಲು ಇರಲಿ. ಮೋಡ ಸರಿದ ಮೇಲೆ ಕೆಳಗೆ ನೋಡಿ. ಕೆರೆಗಳು ಕನ್ನಡಿ ಚೂರಿನ ಹಾಗೆ ಹೊಳೆಯುತ್ತವೆ. ಅವುಗಳಲ್ಲಿ ನಮ್ಮ ಊರಿನದು ಯಾವುದು ಅಂತ ಹುಡುಕಬಹುದು. ದಿನಾ ನಾವು ಬೆಟ್ಟ ನೋಡುತ್ತೇವೆ. ಅವತ್ತು ಬೆಟ್ಟದಿಂದ ಊರು ನೋಡುತ್ತೇವೆ.

ಈ ಬೆಟ್ಟ ಮತ್ತು ಪಕ್ಕದ ಬೆಟ್ಟಸಾಲಿನಲ್ಲಿ ಹೊಳೆಗಳು ಹುಟ್ಟುತ್ತವೆ. ಅರ್ಕಾವತಿ ದಕ್ಷಿಣಕ್ಕೆ ಹೋಗಿ ಕನಕಪುರದ ಕೆಳಗೆ ಕಾವೇರಿ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಮೇಲೆ ತಮಿಳುನಾಡಿಗೆ ಹೋಗುತ್ತದೆ. ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಗುತ್ತದೆ. ದೊಡ್ಡಮ್ಮನಿಗೆ ದಾರಿ ಬಿಟ್ಟ ಪಾಲಾರ್ ಕೂಡ ಈ ಕಡೆಯದೇ. ಇಷ್ಟು ಹೊಳೆ ಹುಟ್ಟುವ ಜಾಗದಲ್ಲೇ ನಮಗೆ ನೀರಿಲ್ಲ ಅಂದರೆ ನೆಂಟರು ನಗುತ್ತಾರೆ. ಆದರೆ ಮಾತು ನಿಜ. ಹೊಳೆ ಹುಟ್ಟುವ ಕಡೆ ಬರೀ ಹಳ್ಳ. ಮಳೆ ನಿಂತರೆ ಒಣ ಮರಳು.

ಬೆಟ್ಟದ ಮೇಲೆ ಅಮೃತ ಸರೋವರ ಅಂತ ಕೊಳ ಇದೆ. ಯೋಗನಂದೀಶ್ವರ ಗುಡಿ ಇದೆ. ಟಿಪ್ಪು ಕಾಲದ ಕೋಟೆ ಗೋಡೆ ಇದೆ. ಗಾಂಧೀಜಿ 1927ರಲ್ಲಿ ಕಾಯಿಲೆ ಬಿದ್ದಾಗ ವಿಶ್ರಾಂತಿಗೆ ಇಲ್ಲಿ ಬಂದರು. ಸುಮಾರು ಒಂದೂವರೆ ತಿಂಗಳು ಇದ್ದು ಗುಣವಾದರು. 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಸಾರ್ಕ್ ದೇಶಗಳ ನಾಯಕರೂ ಇಲ್ಲಿಗೆ ಬಂದಿದ್ದರು. 2025ರ ಜುಲೈ 2ರಂದು ರಾಜ್ಯದ ಮಂತ್ರಿಗಳ ಸಭೆ ಇಲ್ಲೇ ನಡೆಯಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಆ ಸಭೆ ಒಪ್ಪಿತು. ಅರ್ಜಿ ಬರೆಯುವಾಗ ಜಿಲ್ಲೆಯ ಹೆಸರು ಯಾವುದು ಅಂತ ಈಗ ಎಲ್ಲರೂ ಒಂದು ಸಲ ನಿಂತು ಕೇಳುತ್ತಾರೆ.

ಟಿಪ್ಪು ಡ್ರಾಪ್ ಅಂತ ಒಂದು ಕಡಿದಾದ ಬಂಡೆ ಇದೆ. ಕೈದಿಗಳನ್ನು ಅಲ್ಲಿಂದ ತಳ್ಳುತ್ತಿದ್ದರು ಎಂದು ಹೇಳುತ್ತಾರೆ. ಕಂಬಿ ದಾಟಬೇಡಿ. ಫೋಟೋ ತೆಗೆಯಲು ಹಿಂದೆ ಹಿಂದೆ ಹೆಜ್ಜೆ ಇಡುವವರನ್ನು ಕೂಗಿ ನಿಲ್ಲಿಸಿ. ಕೋತಿಗಳು ಬಹಳ. ಕೈಯಲ್ಲಿ ಪೊಟ್ಟಣ ಕಂಡರೆ ಕಿತ್ತುಕೊಳ್ಳುತ್ತವೆ. ಬುತ್ತಿಯನ್ನು ಬಟ್ಟೆ ಚೀಲದ ಒಳಗೆ ಇಡಿ. ಪ್ಲಾಸ್ಟಿಕ್ ಅಲ್ಲಿ ಬಿಡುವುದಿಲ್ಲ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ತೆಗೆದುಕೊಂಡು ಹೋಗುವುದು ಒಳ್ಳೆಯದು. ಭಾನುವಾರ ವಿಪರೀತ ಜನ. ವಾರದ ನಡುವೆ ಹೋದರೆ ನೆಮ್ಮದಿ.

ಇನ್ನೂ ಕೆಲವು ಜಾಗ

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ಇಂಜಿನಿಯರ್. ಅವರ ಮನೆ ಈಗ ವಸ್ತು ಸಂಗ್ರಹಾಲಯ. 1955ರಲ್ಲಿ ಅವರಿಗೆ ಭಾರತರತ್ನ ಬಂತು. 1962ರಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು. ಅವರ ಸಮಾಧಿಯೂ ಅಲ್ಲೇ ಇದೆ. ಸಣ್ಣ ಹಳ್ಳಿ, ಸಣ್ಣ ಮನೆ. ಶಾಲೆಗೆ ಹೋಗುವ ಮಕ್ಕಳಿಗೆ ಇದನ್ನು ತೋರಿಸಲೇಬೇಕು.

ಚಿಕ್ಕಬಳ್ಳಾಪುರದ ಆಚೆ ಆವಲಗುರ್ಕಿಯಲ್ಲಿ 112 ಅಡಿ ಎತ್ತರದ ಆದಿಯೋಗಿ ಶಿವನ ಮೂರ್ತಿ ಇದೆ. 2023ರ ಜನವರಿಯಲ್ಲಿ ಶುರುವಾಯಿತು. ಈಗ ನೆಂಟರೆಲ್ಲ ಮೊದಲು ಕೇಳುವುದು ಇದನ್ನೇ. ಚಿಕ್ಕಬಳ್ಳಾಪುರದ ಹತ್ತಿರವೇ ಶ್ರೀನಿವಾಸ ಸಾಗರ ಇದೆ. ಮಳೆಗಾಲದಲ್ಲಿ ಕಟ್ಟೆಯ ಗೋಡೆ ಮೇಲಿಂದ ನೀರು ಹಾಲಿನ ಹಾಗೆ ಇಳಿಯುತ್ತದೆ. ನೋಡಲು ಚೆಂದ. ಆ ಗೋಡೆ ಹತ್ತಲು ಹೋಗಿ ಬಿದ್ದವರಿದ್ದಾರೆ. ದೂರದಿಂದ ನೋಡಿ ಬನ್ನಿ.

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ನಮ್ಮಲ್ಲಿ ಬಹಳ ಮನೆಗಳಿಗೆ ಗೊತ್ತು. ಒಂದೇ ಕಲ್ಲಿನಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ದೇವರು ಕಾಣಲಿ ಅಂತ ಕನ್ನಡಿ ಇಟ್ಟಿದ್ದಾರೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ನಾಗರಕಲ್ಲು ಇಡುತ್ತಾರೆ. ಪುಷ್ಯ ಮಾಸದ ಷಷ್ಠಿಗೆ ತೇರು. ಅದರ ಹಿಂದೆಮುಂದೆ ದನಗಳ ಜಾತ್ರೆ ಸೇರುತ್ತದೆ. ಹರಕೆ ಹೊರುವವರಿಗೆ ಒಂದು ಮಾತು: ದೇವರಿಗೆ ಕೈಮುಗಿಯಿರಿ, ಜೊತೆಗೆ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋಗಿ. ಮಕ್ಕಳಾಗದ್ದಕ್ಕೆ ಹೆಂಗಸೇ ಕಾರಣ ಅನ್ನುವುದು ತಪ್ಪು ತಿಳಿವಳಿಕೆ.

ಬಸ್ಸು, ಬುತ್ತಿ, ಲೆಕ್ಕ

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಒಳಗೆ ದುಡ್ಡು ಕೊಡಬೇಕಾಗಿಲ್ಲ. ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ತೋರಿಸಬೇಕು. ಅದರಲ್ಲಿ ಕರ್ನಾಟಕದ ವಿಳಾಸ ಇರಬೇಕು. ಕಂಡಕ್ಟರ್ ಸೊನ್ನೆ ದರದ ಟಿಕೆಟ್ ಕೊಡುತ್ತಾರೆ. ಅದನ್ನು ಕೇಳಿ ತೆಗೆದುಕೊಳ್ಳಿ. ಇಳಿಯುವ ತನಕ ಎಸೆಯಬೇಡಿ. ಎ.ಸಿ. ಬಸ್ಸು, ಐಷಾರಾಮಿ ಬಸ್ಸು, ಖಾಸಗಿ ಬಸ್ಸು, ರೈಲು ಇವುಗಳಿಗೆ ಇದು ಇಲ್ಲ. ಗಂಡಸರಿಗೆ ಟಿಕೆಟ್ ಇದೆ. ಕೆಲವರು "ಪುಕ್ಕಟೆ ಬಸ್ಸು ಅಂತ ತಿರುಗ್ತಾರೆ" ಅಂತ ಕೊಂಕು ಆಡುತ್ತಾರೆ. ಆಡಲಿ. ಬೆಳಗಿಂದ ರಾತ್ರಿ ತನಕ ನಾವು ಮಾಡುವ ಕೆಲಸಕ್ಕೆ ಯಾರು ಕೂಲಿ ಕೊಟ್ಟಿದ್ದಾರೆ?

ನಮ್ಮ ಹಳ್ಳಿಗಳಿಂದ ವಿಜಯಪುರಕ್ಕೋ ದೇವನಹಳ್ಳಿಗೋ ಹೋಗಿ ಅಲ್ಲಿಂದ ಬಸ್ಸು ಬದಲಾಯಿಸಬೇಕು. ನಂದಿಬೆಟ್ಟದ ಮೇಲಕ್ಕೆ ಬಸ್ಸು ಹೋಗುವುದು ಚಿಕ್ಕಬಳ್ಳಾಪುರದಿಂದ ಮತ್ತು ಬೆಂಗಳೂರಿನಿಂದ. ಬಸ್ಸಿನ ವೇಳೆ ಬದಲಾಗುತ್ತಿರುತ್ತದೆ. ಹಿಂದಿನ ದಿನವೇ ವಿಚಾರಿಸಿ. ಹೋಗುವ ಬಸ್ಸಿಗಿಂತ ವಾಪಸ್ ಬರುವ ಕೊನೇ ಬಸ್ಸು ಮುಖ್ಯ. ಇಳಿದ ಕೂಡಲೇ ಅದನ್ನು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ.

ಹತ್ತು ಹನ್ನೆರಡು ಜನ ಸೇರಿದರೆ ಟೆಂಪೋ ಮಾಡಬಹುದು. ಲೆಕ್ಕ ಕಲಿಯಲು ಹೀಗೆ ಅಂದುಕೊಳ್ಳೋಣ. ಟೆಂಪೋಗೆ 3,000 ರೂಪಾಯಿ. ಕಾಫಿ ತಿಂಡಿಗೆ 400. ಬೇರೆ ಖರ್ಚು 200. ಒಟ್ಟು 3,600. ಹನ್ನೆರಡು ಜನ ಹಂಚಿಕೊಂಡರೆ ತಲೆಗೆ 300. ಸಂಘದಲ್ಲಿ ವಾರಕ್ಕೆ 10 ರೂಪಾಯಿ ಬೇರೆ ತೆಗೆದಿಟ್ಟರೆ 30 ವಾರಕ್ಕೆ ಆಗುತ್ತದೆ. ಸಾಲ ಬೇಡ. ಬಸ್ಸಿಗೆ ಹೋದರೆ ಇಷ್ಟೂ ಬೇಕಾಗಿಲ್ಲ. ಖರ್ಚನ್ನು ಒಬ್ಬರು ಪುಸ್ತಕದಲ್ಲಿ ಬರೆಯಬೇಕು. ಅದು ಹೊಸದಾಗಿ ಕಲಿತವರೇ ಆಗಿರಲಿ.

ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ, ಹುರಿಗಾಳು ಸಾಕು. ಐದು ತರಹ ಮಾಡಲು ಹೋದರೆ ನಾಲ್ಕು ಗಂಟೆಗೆ ಎದ್ದವರು ಬಸ್ಸಿನಲ್ಲೇ ನಿದ್ದೆ ಹೋಗುತ್ತಾರೆ. ನೆಂಟರೂ ಒಂದು ಡಬ್ಬಿ ಕಟ್ಟಲಿ. ಗಂಡಸರು ನೀರು ತುಂಬಲಿ, ಚೀಲ ಹೊರಲಿ. ಕುಡಿಯುವ ನೀರು ಮನೆಯಿಂದಲೇ ತನ್ನಿ. ಶೌಚಾಲಯ ಬಸ್ ನಿಲ್ದಾಣದಲ್ಲಿ ಸಿಗುತ್ತದೆ. "ಮಹಿಳೆಯರು" ಎಂಬ ಬೋರ್ಡು ಓದಿ ಹೋಗಿ. ಮುಜುಗರಕ್ಕೆ ದಿನವೆಲ್ಲಾ ನೀರು ಕುಡಿಯದೆ, ತಡೆದುಕೊಂಡು ಇರಬೇಡಿ. ಉರಿಮೂತ್ರ ಬರುತ್ತದೆ.

ಕೊನೆಗೆ ಒಂದು ಕೆಲಸ. ಇದನ್ನು ಹೊರಡುವ ಹಿಂದಿನ ರಾತ್ರಿ ಮಾಡಿ. ಜನಜಂಗುಳಿಯಲ್ಲಿ ಮಗು ಕೈ ತಪ್ಪಿದರೆ ಅದಕ್ಕೆ ಊರಿನ ಹೆಸರೂ ಹೇಳಲು ಬರದೆ ಅಳುತ್ತದೆ. ಅದಕ್ಕೇ ಪ್ರತಿ ಮಗುವಿನ ಜೇಬಿನಲ್ಲಿ ಒಂದು ಚೀಟಿ ಇಡಿ. ಚೀಟಿ ಬೇರೆಯವರ ಕೈಲಿ ಬರೆಸಬೇಡಿ. ನೀವೇ ಬರೆಯಿರಿ. ಅಕ್ಷರ ವಕ್ರ ಆದರೂ ಚಿಂತೆ ಇಲ್ಲ, ಅಂಕಿ ಮಾತ್ರ ಸ್ಪಷ್ಟ ಇರಲಿ. ಆಧಾರ್ ನಂಬರು ಬರೆಯಬೇಡಿ, ಅದು ಬೇಕಾಗಿಲ್ಲ. ಚೀಟಿ ಹೀಗಿರಲಿ:

ನನ್ನ ಹೆಸರು ..............
ನನ್ನ ಅಮ್ಮನ ಹೆಸರು ..............
ನಾವು ಬಂದಿರುವುದು .............. ಊರಿನಿಂದ, ಚನ್ನರಾಯಪಟ್ಟಣ ಹೋಬಳಿ, ದೇವನಹಳ್ಳಿ ತಾಲ್ಲೂಕು.
ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ ..............